ಎಡಗಡೆಯ ಸಪ್ಪಳ

ಮೃತ್ಯುಂಜಯನ ಕಾರಿನಲ್ಲಿ ಒಂದು ಸಪ್ಪಳ ಸೇರಿಕೊಂಡಿತ್ತು. ದೊಡ್ಡದೇನಲ್ಲ. ಟಕ್ ಟಕ್ ಅನ್ನುವುದು, ಸ್ವಲ್ಪ ಹೊತ್ತು ಸುಮ್ಮನಿರುವುದು, ಮತ್ತೆ ಟಕ್ ಅನ್ನುವುದು. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತವರು ಬಾಗಿಲ ಚಿಲಕ ಮುಟ್ಟಿ ನೋಡಿದಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಹಾಡು ಹಚ್ಚಿಕೊಂಡು ಅದನ್ನು ಮರೆತುಬಿಡುತ್ತಿದ್ದರು. ಇವನಿಗೆ ಮಾತ್ರ ಈಚೆಗೆ ಅದನ್ನು ಬಿಟ್ಟು ಬೇರೇನೂ ಕೇಳಿಸದಂತಾಗಿತ್ತು.

ಅಕ್ಕಿಆಲೂರಿನ ರೈಸ್ ಮಿಲ್ಲಿನ ಪಕ್ಕದಲ್ಲಿ ಮುಬಶೀರನ ಗ್ಯಾರೇಜು. ಅಲ್ಲಿಗೆ ಎಡತಾಕಿ ಎಡತಾಕಿ ಮೃತ್ಯುಂಜಯನಿಗೆ ಸಾಕುಬೇಕಾಗಿತ್ತು. ಮುಬಶೀರ ಒಳ್ಳೆಯವನೇ, ಆದರೆ ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡೇ ಗಿರಾಕಿಯ ಮಾತು ಕೇಳುವ ಪೈಕಿ.

"ಮುಬಶೀರ, ಸಪ್ಪಳ ಎಡಗಡೆಯಿಂದ ಬರಾಕತ್ತೈತಿ ನೋಡು."

"ಹೂಂ."

"ನಾನೊಬ್ಬನ ಇದ್ದಾಗಷ್ಟ ಬರತೈತಿ."

"ಹೂಂ, ಹೂಂ."

ಇಷ್ಟು ಚೆನ್ನಾಗಿ ಹೂಂಗುಟ್ಟಿ ಅವನು ಬಲಗಡೆಯ ಬುಶ್ ಬದಲಾಯಿಸಿದ. ಇನ್ನೊಂದು ಸಲ ಹೋದಾಗ ಸೈಲೆನ್ಸರಿನ ರಬ್ಬರು ಹೊಸದಾಯಿತು. ಮತ್ತೊಂದು ಸಲ ಶಾಕ್ ಅಬ್ಸಾರ್ಬರಿನ ಮೇಲೆ ಅವನ ಕಣ್ಣು ಬಿತ್ತು. ಪ್ರತಿ ಸಲವೂ ಕೈ ಒರೆಸಿಕೊಳ್ಳುತ್ತ, "ಈಗ ಹೂವಿನಂಗ ಹೋಗತೈತಿ ಅಣ್ಣಾರ, ಬರ್ರಿ, ಟ್ರಾಯಲ್ ನೋಡೋಣು" ಎನ್ನುತ್ತಿದ್ದ. ಒಡೆಯನಿಲ್ಲದೆ ಮತ್ತೊಬ್ಬರ ಗಾಡಿಯನ್ನು ರಸ್ತೆಗೆ ಇಳಿಸಬಾರದೆಂದು ಅವನಪ್ಪ ಇಸ್ಮಾಯಿಲಸಾಬ ಹಾಕಿಕೊಟ್ಟ ಪದ್ಧತಿ ಆ ಗ್ಯಾರೇಜಿನಲ್ಲಿತ್ತು. ಹಾಗಾಗಿ ಗಿರಾಕಿ ಗಾಡಿ ಓಡಿಸಬೇಕು, ಮುಬಶೀರ ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ ಕೇಳಬೇಕು. ಅವನು ಕೂತು ಕೇಳಿದ ದಿನವೆಲ್ಲ ಕಾರು ತುಟಿಪಿಟಕ್ ಅನ್ನಲಿಲ್ಲ. ಅವನು ಇಳಿದು ಹೋದ ಮೇಲೆ, ಮೊದಲ ತಿರುವಿನಲ್ಲೇ ಟಕ್ ಟಕ್.

ಹೂಂಗುಟ್ಟುವುದು ನಮ್ಮ ಕಡೆ ಒಂದು ಮರ್ಯಾದೆ. ಕತೆ ಹೇಳುವವರಿಗೂ ಕಷ್ಟ ಹೇಳುವವರಿಗೂ ಎದುರಿಗಿದ್ದವರು ಹೂಂ ಅನ್ನಲೇಬೇಕು, ಅನ್ನದಿದ್ದರೆ ಮಾತನಾಡುವವರ ಬಾಯಿ ಕಟ್ಟಿ ಹೋಗುತ್ತದೆ. ಅದಕ್ಕೇ ಎಷ್ಟೋ ಜನರ ಮನಸ್ಸು ಯಾವ ಹೊಲದಲ್ಲಿ ಮೇಯುತ್ತಿದ್ದರೂ ಹೂಂ ಮಾತ್ರ ಹೊತ್ತಿಗೆ ಸರಿಯಾಗಿ ಹೊರಗೆ ಬೀಳುತ್ತದೆ. ಈ ವಿದ್ಯೆಯಲ್ಲಿ ಮೃತ್ಯುಂಜಯನೇನು ಮುಬಶೀರನಿಗಿಂತ ಕಡಿಮೆಯವನಲ್ಲ. ಹಿರೇಕೆರೂರಿನಲ್ಲಿ ಅವನದು ಗೋವಿನಜೋಳ, ಹತ್ತಿಯ ಬೀಜ ಮಾರುವ ಅಂಗಡಿ. ದಿನವೆಲ್ಲ ಬಂದವರ ಮಾತಿಗೆ ಹೂಂಗುಟ್ಟಿ ಹೂಂಗುಟ್ಟಿ, ಅಂಗಡಿಯ ಬಾಗಿಲು ಹಾಕಿದ ಮೇಲೂ ಅದು ನಿಲ್ಲುತ್ತಿರಲಿಲ್ಲ.

ಅವನ ಹೆಂಡತಿ ನೀಲಾಂಬಿಕಾ ಅದೇ ಹಿರೇಕೆರೂರಿನ ಹೈಸ್ಕೂಲಿನಲ್ಲಿ ಟೀಚರು. ಮನೆ ಅಕ್ಕಿಆಲೂರಿನಲ್ಲಿ. ದಿನಾ ಬೆಳಿಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದರು. ಆ ದಾರಿಯುದ್ದಕ್ಕೂ ನೀಲಾ ಮಾತನಾಡುತ್ತಿದ್ದಳು. ಮನೆಯಲ್ಲಿ ಒಲೆ, ಶಾಲೆಯಲ್ಲಿ ಗಂಟೆ; ಅವಳದೇ ಅನ್ನುವ ಹೊತ್ತು ಅದೊಂದೇ. ಚಳಿಗಾಲದ ಒಂದು ಬೆಳಿಗ್ಗೆ ತಿಳವಳ್ಳಿ ಹತ್ತಿರ ಬರುತ್ತಿದ್ದಂತೆ ಅವಳು ಮಾತು ನಿಲ್ಲಿಸಿ, "ಈಗ ನಾ ಏನ್ ಹೇಳಿದ್ನಿ, ಹೇಳ್ರಿ ನೋಡೋಣು?" ಎಂದಳು.

"ಹೂಂ" ಎಂದ ಮೃತ್ಯುಂಜಯ.

ಆ ಗಳಿಗೆಯಲ್ಲಿ ಬೇರೆ ಏನು ಅಂದಿದ್ದರೂ ನಡೆಯುತ್ತಿತ್ತು. ಅವಳು ಜಗಳ ಮಾಡಲಿಲ್ಲ. "ಇಲ್ಲೇ ನಿಲ್ಲಸ್ರಿ" ಎಂದು ಇಳಿದಳು, ಹಿಂದೆ ಬಂದ ಬಸ್ಸು ಹತ್ತಿದಳು. ಅವತ್ತಿನಿಂದ ಅವಳಿಗೆ ಸರಕಾರಿ ಬಸ್ಸೇ ಗತಿಯಾಯಿತು. ಮನೆಯಲ್ಲಿ ರೊಟ್ಟಿ ಬಡಿದಳು, ಬಡಿಸಿದಳು, ಬೇಕಾದ ಮಾತಷ್ಟೇ ಆಡಿದಳು. ಬೇಡದ ಮಾತು ಒಂದೂ ಆಡಲಿಲ್ಲ. ಬೇಡದ ಮಾತುಗಳಿಂದಲೇ ಮನೆ ತುಂಬಿತ್ತೆಂದು ಅವನಿಗೆ ಆಮೇಲೆ ತಿಳಿಯಿತು. ಅದೇ ವಾರ ಕಾರಿನಲ್ಲಿ ಸಪ್ಪಳ ಸುರುವಾಯಿತು.

ಅವಳನ್ನು ಕರೆಯಬೇಕು, ತಪ್ಪಾಯಿತು ಅನ್ನಬೇಕು ಎಂದು ಅವನಿಗೆ ದಿನಾ ಅನ್ನಿಸುತ್ತಿತ್ತು. ಆದರೆ ಮೊದಲೇ ಮುನಿಸಿಕೊಂಡವಳನ್ನು ಇಂಥ ಟಕಟಕ ಗಾಡಿಗೆ ಯಾವ ಮುಖ ಇಟ್ಟುಕೊಂಡು ಕರೆಯುವುದು? ಸಪ್ಪಳ ಹೋಗಲಿ, ಆಮೇಲೆ ಕರೆದರಾಯಿತು ಎಂದು ಅವನು ಮುಬಶೀರನ ಬೆನ್ನು ಹತ್ತಿದ.

ಬೆಳಗಾದರೆ ರಸ್ತೆಯ ಮೇಲೆ ಮಂಜು ಹಾಸಿಕೊಂಡಿರುತ್ತಿತ್ತು. ಮಿಲ್ಲುಗಳಲ್ಲಿ ಭತ್ತ ಬೇಯಿಸುವ ಬೆಚ್ಚನೆ ವಾಸನೆ ಊರು ದಾಟಿದ ಮೇಲೂ ಕಾರಿನೊಳಗೆ ಉಳಿಯುತ್ತಿತ್ತು. ಮುಂದೆ ನೀಲಾಳ ಬಸ್ಸು, ಹಿಂದೆ ಇವನ ಕಾರು. ದಾಟಿ ಹೋಗಬಹುದಿತ್ತು, ಆದರೆ ಅವನು ದಾಟುತ್ತಿರಲಿಲ್ಲ. ಬಸ್ಸಿನ ಹಿಂದಿನ ಗಾಜಿನಲ್ಲಿ ಅವಳ ಕೊರಳಿಗೆ ಸುತ್ತಿದ ಕೆಂಪು ಮಫ್ಲರು ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಂಜಿನಲ್ಲಿ ಅಳಿಸಿಹೋಗುತ್ತಿತ್ತು. ಕೊಯ್ಲಾದ ಗದ್ದೆಗಳೆಲ್ಲ ನೀರಿನಂತೆ ಬೆಳ್ಳಗೆ ಮಲಗಿರುತ್ತಿದ್ದವು; ಕೆರೆ ಯಾವುದು, ನೆಲ ಯಾವುದು ಗೊತ್ತಾಗುತ್ತಿರಲಿಲ್ಲ. ಟಕ್ ಟಕ್ ಅನ್ನುತ್ತಿತ್ತು ಎಡಗಡೆಯಲ್ಲಿ. ಅವನು ತನಗೆ ಅರಿವಿಲ್ಲದೆ ಆ ಕಡೆ ತಿರುಗಿ "ಏನು?" ಅನ್ನುತ್ತಿದ್ದ. ಸೀಟು ಖಾಲಿ ಇರುತ್ತಿತ್ತು. ಅಲ್ಲಿ ಯಾರೋ ಕೂತು ಮಾತು ಸುರು ಮಾಡಿ ಅರ್ಧಕ್ಕೆ ಬಿಟ್ಟಂತೆ ಅನ್ನಿಸಿ, ಕಿವಿಗೊಟ್ಟು ಮೆಲ್ಲಗೆ ಓಡಿಸುತ್ತಿದ್ದ. ಎಚ್ಚರವಿದ್ದಾನೋ ನಿದ್ದೆಯಲ್ಲಿದ್ದಾನೋ ಅವನಿಗೇ ಸರಿಯಾಗಿ ತಿಳಿಯುತ್ತಿರಲಿಲ್ಲ.

ಶಾಕ್ ಅಬ್ಸಾರ್ಬರ್ ಹಾಕಿಸಿದ ಮರುದಿನ ಸಪ್ಪಳ ಮತ್ತೆ ಬಂದಾಗ ಅವನಿಗೆ ರೇಗಿತು. ನೇರ ಗ್ಯಾರೇಜಿಗೆ ಹೋದ. ಮುಬಶೀರ ಯಾವುದೋ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ, ಕಾಲಷ್ಟೇ ಹೊರಗಿದ್ದವು.

"ಮುಬಶೀರ, ಏನ್ ಕೆಲಸ ಮಾಡೀಯಪಾ ಇದು? ಸಪ್ಪಳ ಇದ್ದಲ್ಲೇ ಐತಿ. ಎಡಗಡೆ ಅಂತ ಬಾಯಿ ಹರಕೊಂಡೇನಿ, ನೀ ಬಲಗಡೆ ಬಿಚ್ಚೀದಿ. ನಾನೊಬ್ಬನ ಇದ್ದಾಗ ಬರತೈತಿ ಅಂತ ಹೇಳೇನಿ, ನೀ ಜೋಡಿ ಕುಂತು ಇಲ್ಲ ಅಂತೀದಿ."

"ಹೂಂ" ಎಂದವು ಕಾಲುಗಳು.

"ಏನ್ ಹೂಂ? ಈಗ ನಾ ಏನ್ ಹೇಳಿದ್ನಿ, ಹೇಳು ನೋಡೋಣು!"

ಅಂದ ಮೇಲೆ ಆ ಮಾತು ಅವನ ಕಿವಿಗೇ ಬಿತ್ತು. ಅದು ಅವನ ಮಾತಲ್ಲ, ನೀಲಾಳದು. ರಾಗ ಕೂಡ ಅವಳದೇ. ಸಿಟ್ಟು ಇಳಿದುಹೋಯಿತು. ಮುಬಶೀರ ಟ್ರ್ಯಾಕ್ಟರಿನ ಕೆಳಗಿನಿಂದ ಸರಿದು ಬಂದು, ಮುಖಕ್ಕೆ ಹತ್ತಿದ ಗ್ರೀಸಿನ ಸಮೇತ ಕಣ್ಣು ಪಿಳಿಪಿಳಿ ಬಿಟ್ಟ. "ಸಪ್ಪಳದ್ದ ಏನೋ ಅಂದ್ರಿ ಅಲ್ರಿ ಅಣ್ಣಾರ..." ಎಂದ. ಅವನಿಗೆ ಬೈಯಲು ಮೃತ್ಯುಂಜಯನಿಗೆ ನಾಲಿಗೆ ಏಳಲಿಲ್ಲ. ಕೇಳದವರಿಂದ ಹೂಂ ಅನ್ನಿಸಿಕೊಂಡರೆ ಎಷ್ಟು ನೋಯುತ್ತದೆ ಎಂದು ಅವನಿಗೆ ಈಗ ಗೊತ್ತಾಗಿತ್ತು. ಸುಮ್ಮನೆ ಕಾರು ಹತ್ತಿ ಹೊರಟ.

ಬಸ್ಸು ಅಷ್ಟೊತ್ತಿಗೆ ಹೋಗಿಬಿಟ್ಟಿತ್ತು. ತಿಳವಳ್ಳಿ ದಾಟಿದ ಮೇಲೆ ಮಂಜಿನೊಳಗಿನಿಂದ ಒಂದು ಕೈ ಎದ್ದಿತು. ಕೈಯ ಹಿಂದೆ ಸೊಪ್ಪಿನ ಬುಟ್ಟಿ, ಬುಟ್ಟಿಯ ಹಿಂದೆ ಮೈತುಂಬಿದ ಮುದುಕಿ ಫಕ್ಕೀರವ್ವ. ಹಿರೇಕೆರೂರಿನ ಸಂತೆಗೆ ಹೊರಟವಳು.

"ಬಸ್ಸು ತಪ್ಪತೋ ತಮ್ಮಾ, ಒಂದೀಟು ಕರಕೊಂಡು ಹೋಗು."

ಬುಟ್ಟಿ ಹಿಂದಿನ ಸೀಟಿಗೆ ಹೋಯಿತು, ಫಕ್ಕೀರವ್ವ ಮುಂದೆ ಕೂತಳು. ಕೂತವಳೇ ಮೊಮ್ಮಗಳ ನಿಶ್ಚಯದ ಕತೆ ತೆಗೆದಳು. ಮೃತ್ಯುಂಜಯ ಈ ಸಲ ಹೂಂಗುಟ್ಟದೆ ಕೇಳಿದ. ಹುಡುಗ ಸವಣೂರಿನವನು, ವೀಳ್ಯದೆಲೆ ವ್ಯಾಪಾರ, ಸ್ವಲ್ಪ ಮಾತು ಕಡಿಮೆ. "ಮಾತು ಕಡಿಮಿ ಇದ್ರ ಚಲೋನೋ, ಕೆಟ್ಟೋ?" ಎಂದು ಕೇಳಿದಳು. "ಕಿವಿ ಹೆಂಗ ಅದಾವು ನೋಡವ್ವಾ" ಎಂದ ಅವನು. ಮುದುಕಿ ಇಡೀ ಕಾರು ಅಲುಗುವಂತೆ ನಕ್ಕಳು. ಆಗ ಅವನಿಗೆ ಹೊಳೆಯಿತು: ಇಷ್ಟು ದೂರ ಬಂದರೂ ಒಂದು ಟಕ್ ಇಲ್ಲ.

ಸಂತೆಯ ಬಾಯಲ್ಲಿ ಅವಳನ್ನು ಇಳಿಸಿ ಮುಂದೆ ಹೋದ. ಟಕ್ ಟಕ್. ಬದಿಗೆ ನಿಲ್ಲಿಸಿದ. ಎಡಗಡೆಯ ಸೀಟನ್ನು ಒಂದು ಕೈಯಿಂದ ಒತ್ತಿ ಹಿಡಿದು, ಇನ್ನೊಂದರಿಂದ ಸ್ಟೇರಿಂಗ್ ಹಿಡಿದು ಮೆಲ್ಲಗೆ ಓಡಿಸಿದ. ಸದ್ದಿಲ್ಲ. ಕೈ ತೆಗೆದ. ಟಕ್. ಮತ್ತೆ ನಿಲ್ಲಿಸಿ, ಬಗ್ಗಿ ಸೀಟಿನಡಿ ಕೈಯಾಡಿಸಿದರೆ, ಹಿಂದಿನ ಕಾಲಿನ ಬೋಲ್ಟು ಬೆರಳಿಗೇ ತಿರುಗಿತು. ಮಂದಿ ಕೂತರೆ ಆ ಭಾರಕ್ಕೆ ಸೀಟು ನೆಲಕ್ಕೆ ಒತ್ತಿಕೊಂಡು ಸುಮ್ಮನಿರುತ್ತದೆ. ಖಾಲಿ ಇದ್ದರಷ್ಟೇ ಎದ್ದು ಬಡಿಯುತ್ತದೆ.

ಫೋನು ಹಚ್ಚಿ ಮುಬಶೀರನಿಗೆ ಹೇಳಿದ. ಆ ಕಡೆ ಕೈಯಲ್ಲಿದ್ದ ಸಾಮಾನು ಕೆಳಗಿಟ್ಟ ಸದ್ದಾಯಿತು. ಆಮೇಲೆ, "ನೀವೊಬ್ಬರ ಇದ್ದಾಗ ಅಂತ ನೀವು ಮೊದಲಿಂದನೂ ಅನ್ನಾಕತ್ತಿದ್ರಿ ಅಣ್ಣಾರ. ಹಾಕಿದ ಸಾಮಾನೆಲ್ಲ ತಿರುಗಿ ನೋಡ್ತೇನಿ, ಬರ್ರಿ, ಬೋಲ್ಟಿಗೆ ಪಾನಾ ಹಚ್ಚಿ ಒಂದು ಸುತ್ತ ಬಿಗಿ ಮಾಡಿದ್ರ ಮುಗೀತು" ಎಂದ ಮುಬಶೀರ.

"ಸಂಜಿಗೆ ಬರ್ತೇನಿ. ನೀಲಾನ್ನ ಕರಕೊಂಡು."

ಬೆರಳಿಗೆ ಬಂದಷ್ಟು ಬಿಗಿ ಮಾಡಿ ಬಿಟ್ಟ. ಆ ದಿನ ಅಂಗಡಿಯಲ್ಲಿ ಯಾರಿಗೆ ಯಾವ ಬೀಜ ಕೊಟ್ಟನೋ ದೇವರಿಗೇ ಗೊತ್ತು. ಬಿಸಿಲು ಇಳಿಯುವ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿದ್ದ. ನೀಲಾ ಹಾವೇರಿ ಬಸ್ಸಿನ ಧೂಳಿಗೆ ಸೆರಗು ಮುಚ್ಚಿಕೊಂಡು ಕಂಬದ ಹತ್ತಿರ ನಿಂತಿದ್ದಳು. ಇವನನ್ನು ನೋಡಿದರೂ ನೋಡದವಳಂತಿದ್ದಳು. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಅವನು ಇಷ್ಟು ಅಂಜಿರಲಿಲ್ಲ.

"ಗಾಡಿ ಸಪ್ಪಳ ಹೋತೇನ್ರಿ?" ಎಂದು ಅವಳೇ ಕೇಳಿದಳು.

"ಇಲ್ಲ. ನೀ ಕುಂತ್ರ ಹೋಗತೈತಿ."

ಅವಳು ಮುಖ ನೋಡಿದಳು. ಚೇಷ್ಟೆ ಅಲ್ಲ ಎಂದು ಗೊತ್ತಾಗುವತನಕ ನೋಡಿದಳು. "ನನ್ನ ತಪ್ಪು, ನೀಲಾ" ಎಂದ. "ನೀ ಇಲ್ಲದ ಗಾಡ್ಯಾಗ ನನಗ ಹೋಗಾಕ ಆಗವಲ್ದು."

ಅವಳ ಬಸ್ಸು ಬಂತು. ಜನ ಹತ್ತಿದರು, ಬಸ್ಸು ಹೋಯಿತು. ನೀಲಾ ನಡೆದುಬಂದು ಕಾರಿನಲ್ಲಿ ಕೂತಳು.

ದಾರಿಯಲ್ಲಿ ಇಬ್ಬರೂ ಮಾತನಾಡಲಿಲ್ಲ, ಕಾರೂ ಮಾತನಾಡಲಿಲ್ಲ. ರಸ್ತೆಯ ಮೊದಲ ಉಬ್ಬಿನಲ್ಲಿ ಬ್ರೇಕ್ ಹಾಕಿದಾಗ ಅವಳ ಸೀಟು ಒಂದಿಷ್ಟು ಮುಂದೆ ಜಾರಿತು. ಅವಳಿಗೆ ನಗು ಬಂತು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು.

"ಅವತ್ತು ಇದನ್ನ ಹೇಳಿದ್ನಿರೀ ನಾನು. ಬೋಲ್ಟು ಸಡ್ಲ ಆಗೇತಿ, ಬ್ರೇಕ್ ಹಾಕಿದ್ರ ಸೀಟು ಜಾರತೈತಿ, ನನಗ ಅಂಜಿಕಿ ಬರತೈತಿ ಅಂತ."

ಮೃತ್ಯುಂಜಯನಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ಮುಬಶೀರ ಬಿಚ್ಚಿದ್ದು, ಕಟ್ಟಿದ್ದು, ತಾನು ಹಾರಾಡಿದ್ದು ಎಲ್ಲ ನೆನಪಾಯಿತು.

"ಅದಕ್ಕಿಂತ ಮೊದಲು ಇನ್ನೊಂದು ಹೇಳಾಕತ್ತಿದ್ನಿ" ಎಂದಳು ಅವಳು. "ಬೆಳಗಿನ ಜಾವ ಒಂದು ಕನಸು ಬಿದ್ದಿತ್ತು."

ಗಂಟಲಲ್ಲಿ ಹೂಂ ಎದ್ದು ಬಂತು. ಅವನು ಅದನ್ನು ನುಂಗಿಕೊಂಡ. ಕೆರೆಯ ಏರಿಯ ಪಕ್ಕ ಕಾರು ನಿಲ್ಲಿಸಿ ಇಂಜಿನ್ನು ಆರಿಸಿದ. "ಈಗ ಹೇಳು."

"ಮರ್ತೇನ್ರೀ. ಯಾರಿಗೂ ಹೇಳದ ಕನಸು ಎಷ್ಟಂತ ಇರತೈತಿ?"

ಆ ಮಾತು ಅವನಿಗೆ ನಾಟಿತು. ಕಳೆದದ್ದನ್ನು ಯಾವ ಗ್ಯಾರೇಜಿನಲ್ಲೂ ಹಾಕಿಕೊಡುವುದಿಲ್ಲ. ಕೆರೆಯ ಮೇಲೆ ಸಂಜೆಯ ಮಂಜು ಮೆಲ್ಲಗೆ ಇಳಿಯತೊಡಗಿತ್ತು. ಅವನು ಕಾದ. ಅವಳು ನೀರನ್ನೇ ನೋಡುತ್ತ, ನೆನಪಾದಷ್ಟನ್ನು ಹೆಕ್ಕುವಂತೆ ಮೆಲ್ಲಗೆ ಬಾಯಿ ತೆರೆದಳು.

"ಒಂದು ಕೆರಿ ಇತ್ತು. ಹಿಂಗ ಮಂಜು. ನಮ್ಮ ಗಾಡಿ ನೀರಿನ ಮ್ಯಾಲ ಹೊಂಟಿತ್ತು, ನೀವು ನನ್ನ ಕಡೆ ತಿರುಗಿ ಕುಂತಿದ್ರಿ..."

ಅವತ್ತಿನಂತೆಯೇ ಅಲ್ಲಿಗೆ ಮಾತು ನಿಲ್ಲಿಸಿದಳು. ಅವನ ಮುಖ ನೋಡಿದಳು.

"ಮುಂದ?" ಎಂದ ಮೃತ್ಯುಂಜಯ.