ಅತ್ತೆಯ ಕೆಮ್ಮು, ಸೊಸೆಯ ದೀಪ

ಹಿಮದ ಬೆಟ್ಟಗಳ ನಡುವಿನ ನಾರಿನ್ ಊರಿನ ಚಳಿಯೆಂದರೆ ತಮಾಷೆಯಲ್ಲ. ಒಲೆ ಉರಿಯುವ ಕೋಣೆ ಒಂದೇ. ಮನೆಮಂದಿಯೆಲ್ಲ ಅಲ್ಲೇ ಸಾಲಾಗಿ ಮಲಗಬೇಕು. ಸೊಸೆ ಜಿಪಾರಳ ಹಾಸಿಗೆ, ಅವಳು 'ಅಪಾ' ಎಂದು ಕರೆಯುವ ಅತ್ತೆ ಕಾಲಿಪಾ ಅವರ ಮಗ್ಗುಲಿಗೇ. ಜಿಪಾರಳಿಗೋ ಓದುವ ಹುಚ್ಚು. ಅವಳ ಹಳೇ ಇ-ರೀಡರಿಗೆ ಸ್ವಂತ ಬೆಳಕಿಲ್ಲ. ಫೋನಿನ ಟಾರ್ಚ್ ಹಿಡಿದು ಓದುತ್ತಿದ್ದರೆ, ಕಥೆ ರಂಗೇರುವ ಹೊತ್ತಿಗೆ ಸರಿಯಾಗಿ ಅತ್ತೆ ಕೆಮ್ಮುತ್ತಿದ್ದರು. ಅವಳು ನಾಲಿಗೆ ಕಚ್ಚಿಕೊಂಡು ಟಾರ್ಚ್ ಆರಿಸುತ್ತಿದ್ದಳು.

"ಅಮ್ಮನ ನಿದ್ದೆ ಕೆಡೋದಾದ್ರೆ, ಹಿಮ ಕರಗೋವರೆಗೂ ನಿನ್ನ ಓದು ಬಂದ್," ಎಂದುಬಿಟ್ಟ ಗಂಡ.

ಚಳಿಗಾಲವಿಡೀ ಓದದೆ ಇರುವುದೇ! ಅದಕ್ಕಿಂತ ಉಪ್ಪಿಲ್ಲದ ಸಾರು ಕುಡಿಯುವುದು ವಾಸಿ. ಅತ್ತೆಗೆ ತೊಂದರೆ ಕೊಡದ ಪುಟ್ಟ ಕ್ಲಿಪ್ ದೀಪ ಹುಡುಕಿಕೊಂಡು ಅವಳು ಬಜಾರಿಗೆ ಹೊರಟಳು. ನಾನೂ ಬರುತ್ತೇನೆಂದು ಅತ್ತೆ ಬೆನ್ನಿಗೆ ಬಿದ್ದರು.

ಅಂಗಡಿಯ ಎಸೆನ್ ಎರಡು ದೀಪ ಮುಂದಿಟ್ಟ. ಒಂದು ಅಗಲಕ್ಕೆ ಬೆಳಕು ಚೆಲ್ಲುವಂಥದು, ಇನ್ನೊಂದರ ಬೆಳಕು ಪುಟದಾಚೆ ಕದಲದು.

"ಈ ಬಿಸಿಲಲ್ಲಿ ಏನು ಗೊತ್ತಾಗುತ್ತಣ್ಣ?" ಎಂದಳು ಜಿಪಾರ್.

"ಪಕ್ಕದಲ್ಲೇ ಕೌದಿ ಅಂಗಡಿ ಇದೆಯಲ್ಲಮ್ಮ, ಹೊದ್ಕೊಂಡು ನೋಡಿ!" ಎಂದು ಅವನು ಗೇಲಿ ಮಾಡಿದ.

ಗೇಲಿಯೆಂದು ಅತ್ತೆಗೆ ಗೊತ್ತಾದರೆ ತಾನೆ? ಬೂಟು ಕಳಚಿ, ಕೌದಿಗಳ ರಾಶಿಯ ಮೇಲೆ ಉದ್ದಕ್ಕೆ ಮಲಗಿಯೇಬಿಟ್ಟರು.

"ಬಾರೇ, ಮನೇಲಿ ಮಲಗೋ ಹಾಗೇ ಮಲಗು."

ಜನ ಸೇರಿದರು. ಅಯ್ಯೋ ದೇವರೇ, ಮಾನ ಮೂರಾಬಟ್ಟೆ! ಜಿಪಾರ್ ಮಗ್ಗುಲಲ್ಲಿ ಮಲಗಿ, ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡು ಕೈಚೀಲದಲ್ಲಿದ್ದ ಇ-ರೀಡರಿಗೆ ಸಣ್ಣ ಬೆಳಕಿನ ದೀಪ ಸಿಕ್ಕಿಸಿ ಹಚ್ಚಿದಳು.

"ನಿಮ್ಮ ಕಡೆ ಬೆಳಕು ಬೀಳುತ್ತಾ, ಅಪಾ?"

"ಇಲ್ವೇ ಇಲ್ಲ."

ಸದ್ಯ, ಬದುಕಿದೆ ಎನಿಸಿತು ಅವಳಿಗೆ. "ಹಾಗಾದ್ರೆ ಇದೇ ಇರಲಿ."

"ಬೇಡ. ಆ ಅಗಲದ್ದು ಹಚ್ಚು."

"ಅದು ನಿಮ್ಮ ಮುಖಕ್ಕೇ ಹೊಡೆಯುತ್ತೆ! ಮತ್ತೆ ಕೆಮ್ತೀರ."

"ಲೇ ದಡ್ಡಿ, ನಾನು ಬೆಳಕಿಗೆ ಕೆಮ್ಮಿದ್ನೇನೇ? ನಾನಿನ್ನೂ ಅರ್ಧ ಪುಟದಲ್ಲಿರ್ತೀನಿ, ನೀನು ಮುಂದಕ್ಕೆ ಹಾರಿರ್ತೀಯ. ತಡಿ ಅಂತ ಕೆಮ್ಮಿದ್ರೆ ದೀಪಾನೇ ಆರಿಸ್ತೀಯ! ಕಥೇಲಿರೋ ಆ ಹುಡುಗಿ ಕುದುರೆಗಾರನ ಜೊತೆ ಓಡಿಹೋದ್ಲೋ ಇಲ್ವೋ ಅಂತ ನಂಗೆ ನಿದ್ದೆಯೇ ಹತ್ತಲ್ಲ."

"ಬಾಯಿಬಿಟ್ಟು ಹೇಳಬಾರದಿತ್ತಾ?"

"ಸೊಸೆ ಪುಸ್ತಕ ಕದ್ದು ಓದ್ತೀನಿ ಅಂತ ಅತ್ತೆಯಾದವಳು ಹೇಗೆ ಹೇಳ್ಲೇ?"

ಜಿಪಾರ್ ನಕ್ಕ ನಗೆಗೆ ಕೌದಿಯೇ ಕುಲುಕಿತು. ಅವಳ ಎದೆಯ ಮೇಲಿನ ಭಾರವೆಲ್ಲ ಇಳಿದುಹೋಗಿತ್ತು. ಅಗಲದ ದೀಪ ಸಿಕ್ಕಿಸಿ, ಓದು ನಿಂತಿದ್ದ ಕಡೆಯಿಂದ ಕಥೆ ತೆರೆದಳು.

"ಆಯ್ತೇನಮ್ಮ?" ಎಂದು ಎಸೆನ್ ಹೊರಗಿನಿಂದ ಕೂಗಿದ.

"ಸುಮ್ನಿರಪ್ಪ, ಈ ಪುಟ ಮುಗೀಲಿ!" ಎಂದರು ಅತ್ತೆ ಕೌದಿಯೊಳಗಿಂದ.

ಆ ಪುಟವನ್ನು ಆಗಲೇ ಓದಿ ಮುಗಿಸಿದ್ದ ಜಿಪಾರ್, ಬೆರಳನ್ನು ಪರದೆಯ ಅಂಚಿನಲ್ಲಿಟ್ಟುಕೊಂಡು ಅತ್ತೆಗಾಗಿ ಕಾದಳು.