ಅತ್ತೆಯ ಕರೆಗಂಟೆಗೆ ಮನೆಯಲ್ಲೇ ಬ್ಯಾಟರಿ

ನಾಸಿಕದಲ್ಲಿ ಹಲವು ಸಂಸಾರಗಳಿದ್ದ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿ ಊರ್ಮಿಳಾಳ ಸಂಸಾರ. ನಲ್ಲಿ ಇರುವುದು ಕೆಳಗೆ, ಅಂಗಳದಲ್ಲಿ. ಮನೆಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ಅತ್ತೆ ಪ್ರೇಮಾಬಾಯಿಗೆ ಲಕ್ವ ಹೊಡೆದು ಎಂಟು ತಿಂಗಳು. ಧ್ವನಿ ಕುಗ್ಗಿತ್ತು, ಕರೆದರೆ ಕೆಳಗೆ ಕೇಳುತ್ತಿರಲಿಲ್ಲ. ಹಾಗಾಗಿ ಊರ್ಮಿಳಾ ಒಂದು ಕೊಡ ತುಂಬಿದರೆ ಒಮ್ಮೆ ಹತ್ತಿ ನೋಡಬೇಕು, ಎರಡು ಬಟ್ಟೆ ಒಗೆದರೆ ಮತ್ತೊಮ್ಮೆ. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಸೋತುಹೋಗುತ್ತಿದ್ದವು.

ಗಂಡ ಗೋಪಾಲ ಓಝರ್ ಕಡೆಯ ಕಾರ್ಖಾನೆಯಲ್ಲಿ ಫಿಟ್ಟರ್. “ಅವ್ವನ ಒಂದು ಬೆರಳು ಆಡತದ. ಅದರಿಂದ ಒತ್ತೂ ಹಂಗ ಬೆಲ್ ಮಾಡ್ತೀನಿ. ಬ್ಯಾಟರಿ ಮನ್ಯಾಗ ಮಾಡೂಣು,” ಎಂದ. ಗ್ಯಾರೇಜಿನಿಂದ ಸೋಡಾ ಬಾಟಲಿಯಲ್ಲಿ ಆ್ಯಸಿಡ್ ತಂದು ನೀರಿನ ಬಿಂದಿಗೆಯ ಪಕ್ಕದಲ್ಲಿಟ್ಟು ಕೆಲಸಕ್ಕೆ ಹೋದ. ಹೆಂಡತಿಗೆ ಹೇಳುವುದನ್ನು ಮರೆತಿದ್ದ.

ಊರ್ಮಿಳಾ ಮೆಟ್ಟಿಲು ಹತ್ತಿ ಬಂದಾಗ ಅತ್ತೆ ನೀರು ಕೇಳಿದರು. ಕಾಯಿಸಿ ಆರಿಸಿದ ನೀರನ್ನು ಅವಳು ಅಂಥದೇ ಬಾಟಲಿಯಲ್ಲಿಡುತ್ತಿದ್ದಳು. ಆಯಾಸದಲ್ಲಿ ಗುರುತು ಸಿಗದೆ ಆ್ಯಸಿಡ್ ಬಾಟಲಿಯನ್ನೇ ಎತ್ತಿ ಲೋಟಕ್ಕೆ ಬಗ್ಗಿಸುವಾಗ ಬೆರಳ ಮೇಲೆ ಚೆಲ್ಲಿತು. ಕೆಂಡ ಮುಟ್ಟಿದ ಹಾಗಾಯಿತು. ಲೋಟ ಇನ್ನೂ ಅವಳ ಕೈಯಲ್ಲೇ ಇತ್ತು. ಅತ್ತೆ ಬಾಯಿ ತೆರೆದು ಕಾಯುತ್ತಿದ್ದರು.

ಅವಳ ಚೀರು ಕೇಳಿ ಪಕ್ಕದ ಕೋಣೆಯ ವಿಶ್ವನಾಥಪ್ಪ ಓಡಿ ಬಂದು ಲೋಟ ತೆಗೆದು ದೂರ ಇಟ್ಟರು. ರೈಲ್ವೆಯ ಟೆಲಿಗ್ರಾಫ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. “ಎಣ್ಣಿ, ಅರಿಷಿಣ ಏನೂ ಹಚ್ಚಬ್ಯಾಡವಾ. ನೀರು ಹಾಕ್ತಾ ಇರು,” ಎಂದು ತಾವೇ ಕೊಡ ಕೊಡ ನೀರು ಸುರಿದರು. ಇಪ್ಪತ್ತು ನಿಮಿಷ ಸುರಿದ ಮೇಲೆ ದವಾಖಾನೆಗೆ ಕರೆದುಕೊಂಡು ಹೋದರು.

ಸಂಜೆ ಗೋಪಾಲ ತಲೆ ತಗ್ಗಿಸಿ ಕುಳಿತ. ಊರ್ಮಿಳಾ ಪಟ್ಟಿ ಕಟ್ಟಿದ ಕೈ ನೋಡುತ್ತ ಹೇಳಿದಳು: “ಇನ್ನ ಬ್ಯಾಟರಿ ಹೆಸರು ತೆಗೀಬ್ಯಾಡ್ರಿ. ಬೇಕಾದ್ರ ಮೆಟ್ಟಲಾ ಹತ್ತಿ ಇಳದು ಸಾಯ್ತೀನಿ ನಾ.”

“ಹಂಗ್ಯಾಕವಾ,” ಎಂದರು ವಿಶ್ವನಾಥಪ್ಪ. “ಗಂಟಿಗೆ ಆ್ಯಸಿಡ್ ಬೇಕಾಗೇ ಇಲ್ಲ. ಅದನ್ನ ಮೋರಿಗೂ ಸುರೀಬ್ಯಾಡ್ರಿ, ತಂದಲ್ಲೇ ವಾಪಸ್ ಕೊಡ್ರಿ. ಪಾತ್ರಿಗೆ ಕಲಾಯಿ ಹಾಕಾಂವನ ಹತ್ರ ನವಸಾಗರ ಅಂತ ಒಂದು ಬಿಳಿ ಉಪ್ಪು ಸಿಗತದ. ನಮ್ಮ ಆಫೀಸಿನ ಗಂಟಿ ಅದರಾಗ ನಡೀತಿತ್ತು.”

“ಅದೂ ಸುಡತದೇನ್ರಿ ಕಾಕಾ?”

“ಆ್ಯಸಿಡ್‌ನಂಗ ಸುಡೂದಿಲ್ಲ. ಆದ್ರ ಕುಡಿಯೂದೂ ಅಲ್ಲ. ಮುಟ್ಟಿದ್ರ ಕೈ ತೊಳೀಬೇಕು.”

ಭಾನುವಾರ ಗಂಡ, ಹೆಂಡತಿ, ವಿಶ್ವನಾಥಪ್ಪ ಮೂವರೂ ಕುಳಿತರು. ಮೂರು ಗಾಜಿನ ಭರಣಿಗಳಲ್ಲಿ ನೀರು ತುಂಬಿ ನವಸಾಗರ ಕರಗಿಸಿದರು. ಟಾರ್ಚಿನ ಮೂರು ಹಳೆಯ ಸೆಲ್ ಬಿಚ್ಚಿ, ಪ್ರತಿಯೊಂದರ ಒಳಗಿನ ಇದ್ದಿಲ ಕಡ್ಡಿಯನ್ನು ಸುತ್ತಲಿನ ಕಪ್ಪು ಪುಡಿಯ ಸಮೇತ ಬಟ್ಟೆಯಲ್ಲಿ ಕಟ್ಟಿ ಒಂದೊಂದರಲ್ಲಿ ಇಳಿಬಿಟ್ಟರು. ಅದಕ್ಕೆ ತಗುಲದಂತೆ ಎದುರಿಗೆ ಒಂದು ಸತುವಿನ ಪಟ್ಟಿ. ಒಂದು ಭರಣಿಯ ಸತುವಿಗೂ ಮುಂದಿನದರ ಕಡ್ಡಿಗೂ ತಂತಿ ಜೋಡಿಸಿದರು. ಭರಣಿಗಳ ಮೇಲೆ ಕೆಂಪು ಬಣ್ಣದಲ್ಲಿ ‘ವಿಷ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು, ಅಡುಗೆಯ ಜಾಗದಿಂದ ದೂರ, ಎತ್ತರದ ಗೂಡಿನಲ್ಲಿಟ್ಟರು. ಉಳಿದ ಎರಡು ತುದಿಗಳಿಂದ ತಂತಿ ಎಳೆದು, ನಡುವೆ ಅತ್ತೆಯ ಬೆರಳಿಗೆ ಎಟಕುವಂತೆ ಒತ್ತುಗುಂಡಿ ಕೂರಿಸಿ, ಕರೆಂಟ್ ಗಂಟೆಯನ್ನು ಕೆಳಗೆ ನಲ್ಲಿಯ ಹತ್ತಿರ ತೂಗುಹಾಕಿದರು.

ಮರುದಿನ ಊರ್ಮಿಳಾ ಒಗೆಯುತ್ತಿದ್ದಾಗ ಗಂಟೆ ಮೊಳಗಿತು. ಸೋಪಿನ ಕೈಯಲ್ಲೇ ಮೇಲೆ ಓಡಿದಳು. “ಏನ್ ಬೇಕ್ರಿ ಅತ್ತಿ?”

“ಏನೂ ಬ್ಯಾಡ,” ಎಂದರು ಪ್ರೇಮಾಬಾಯಿ, ತೊದಲುತ್ತ. “ಮುಂಜಾನಿಂದ ನಿಂತೇ ಇದ್ದಿ. ಸ್ವಲ್ಪ ಕುಂದರು.”

ಊರ್ಮಿಳಾ ಮಂಚದ ಕಾಲಿಗೆ ಒರಗಿ ಕುಳಿತಳು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ನಿಮ್ಮ ಅಡುಗೆಮನೆಯ ಬಾಟಲಿಗಳನ್ನು ಒಮ್ಮೆ ನೋಡಿ. ಕುಡಿಯುವ ಬಾಟಲಿಯಲ್ಲಿ ಆ್ಯಸಿಡ್, ಸೀಮೆಎಣ್ಣೆ, ಔಷಧಿ ಯಾವುದನ್ನೂ ಇಡಬೇಡಿ. ಬೇರೆ ಪಾತ್ರೆಯಲ್ಲಿಟ್ಟು ಹೆಸರು ಬರೆಯಿರಿ, ಮನೆಯವರಿಗೆಲ್ಲ ಹೇಳಿ. ದಣಿದ ಕೈಗೆ ಬಾಟಲಿಯ ಗುರುತು ಸಿಗುವುದಿಲ್ಲ.