ಹಿಮದ ಕಡೆಯ ತುದಿ

ಕುರಿಗಳನ್ನೆಲ್ಲ ಬೆಟ್ಟದಿಂದ ಇಳಿಸಿ ದೊಡ್ಡಿಗೆ ಸೇರಿಸಿದ ಮೇಲಿನ ಭಾನುವಾರ ನಮ್ಮ ಮನೆತನದವರು ಪ್ರತಿ ವರ್ಷ ಹಿಮನದಿ ಎಷ್ಟು ಹಿಂದೆ ಸರಿದಿದೆಯೆಂದು ಅಳೆಯುತ್ತಾರೆ. ಮೊದಲು ಅಜ್ಜ ಅಳೆಯುತ್ತಿದ್ದ, ಆಮೇಲೆ ಅಪ್ಪ. ಅಪ್ಪ ಟೇಪಿನ ಒಂದು ತುದಿ ಹಿಡಿದು ಹಿಮದ ಅಂಚಿಗೆ ನಡೆಯುತ್ತಿದ್ದ. ಇನ್ನೊಂದನ್ನು ಕಬ್ಬಿಣದ ಗೂಟಕ್ಕೆ ಒತ್ತಿಕೊಂಡು ನಾನು ನಿಲ್ಲುತ್ತಿದ್ದೆ. ರೇಕ್ಯಾವಿಕ್‌ನಲ್ಲಿ ಭೂವಿಜ್ಞಾನ ಓದುವಾಗಲೂ, ಅಲ್ಲೇ ಪಾಠ ಹೇಳಲು ಸೇರಿದ ಮೇಲೂ ಆ ಭಾನುವಾರವನ್ನು ನಾನು ತಪ್ಪಿಸಿದ್ದಿಲ್ಲ. ಅಪ್ಪನ ಕಾಲು ಸೋತ ದಿನ ಟೇಪಿನ ಹಿಮದ ಕಡೆಯ ತುದಿ ನನ್ನ ಕೈಗೆ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಆದರೂ ನಾನು ಹಾಗೇ ನಂಬಿದ್ದೆ.

ಈ ಸಲ ಅಪ್ಪನ ಮಂಡಿ ಊದಿಕೊಂಡಿತ್ತು. ಗೂಟದ ಪಕ್ಕದ ಬಂಡೆಯ ಮೇಲೆ ಕುಳಿತು ಟೇಪಿನ ತುದಿಯನ್ನು ಎಯ್‌ಗ್ಲೋ ಕಡೆಗೆ ಚಾಚಿದ. ಎಯ್‌ಗ್ಲೋ ನನ್ನ ತಮ್ಮನ ಹೆಂಡತಿ; ಮನೆಗೆ ಬಂದು ಎರಡು ಚಳಿಗಾಲವೂ ಕಳೆದಿಲ್ಲ.

"ನೀನು ಹೋಗಮ್ಮ. ನಿಂದು ಮೇಕೆ ಕಾಲು."

"ನಾನಾ ಮಾವ? ಅಕ್ಕ ಇದಾರಲ್ಲ?" ಅವಳು ನನ್ನ ಕಡೆ ನೋಡಿದಳು.

"ಉನ್ನೂರ್ ಸಲಿಕೆ ಹಿಡ್ಕೊಂಡು ಹಿಂದೆ ಬರ್ತಾಳೆ. ಓದಿದೋರು ಸ್ವಲ್ಪ ಮಣ್ಣೂ ಅಗೀಲಿ."

ಇಬ್ಬರೂ ನಕ್ಕರು. ನಾನೂ ನಕ್ಕೆ, ಅವರಿಗಿಂತ ಕೊಂಚ ತಡವಾಗಿ. ಅಪ್ಪನ ತಲೆಯ ಮೇಲೆ ಅವಳು ಹೆಣೆದ ಟೊಪ್ಪಿ ಇತ್ತು. ನಾನು ಹೆಣೆದುಕೊಟ್ಟದ್ದು ಚುಚ್ಚುತ್ತದೆಂದು ಪೆಟ್ಟಿಗೆ ಸೇರಿದೆ. ಉಣ್ಣೆ ಎರಡಕ್ಕೂ ನಮ್ಮ ಕುರಿಗಳದ್ದೇ.

ಅವಳು ಮುಂದೆ, ನಾನು ಹಿಂದೆ. ಅವಳು ಜಾರಲಿ ಎಂದು ನಾನು ಬಯಸಲಿಲ್ಲ. ಜಾರುತ್ತಾಳೇನೋ ಎಂದು ನೋಡುತ್ತಿದ್ದೆ, ಅಷ್ಟೆ. ಹೋದ ವರ್ಷ ಅಂಚು ಇದ್ದಲ್ಲಿ, ಕಪ್ಪು ಜಲ್ಲಿಯ ದಿಬ್ಬವೊಂದರ ಬಳಿ ನಿಂತು ಅವಳು ನನ್ನ ಕೈಯಿಂದ ಸಲಿಕೆ ತೆಗೆದುಕೊಂಡು ಕೆರೆದಳು. ಜಲ್ಲಿಯಡಿ ನೀಲಿ ಮಂಜುಗಡ್ಡೆ ಹೊಳೆಯಿತು.

"ಮಾವಾ, ಸಿಕ್ತು! ಹೋದ ವರ್ಷದ ಜಾಗದಲ್ಲೇ ಇದೆ! ಒಂದು ಹೆಜ್ಜೆನೂ ಹಿಂದೆ ಹೋಗಿಲ್ಲ!"

ಅಪ್ಪ ಟೊಪ್ಪಿ ತೆಗೆದು ಗಾಳಿಯಲ್ಲಿ ಬೀಸಿದ. ಹಿಮ ಹಿಂದೆ ಸರಿದ ಸುದ್ದಿಯನ್ನೇ ಕೇಳಿ ಕೇಳಿ ಮುದುಕನಾದವನು ಅವನು.

"ನಿನ್ನ ಕಾಲ್ಗುಣ ಕಣಮ್ಮಾ!"

ನಾನು ದಿಬ್ಬದ ಹಿಂದಕ್ಕೆ ಹೋಗಿ ನೋಡಿದೆ. ಹಿಮ ಅಲ್ಲಿಗೇ ನಿಂತಿತ್ತು. ಮುಂದೆ ಒಂದು ಕೆಸರುನೀರಿನ ಹೊಂಡ, ಅದರಾಚೆ ಬರೀ ಕಲ್ಲು, ಇನ್ನೂ ಆಚೆ ಹಿಮನದಿಯ ನಿಜವಾದ ಅಂಚು. ಎಯ್‌ಗ್ಲೋ ಮುಟ್ಟಿದ್ದು ಹಿಮನದಿಯಿಂದ ಕಡಿದುಹೋಗಿ ಜಲ್ಲಿಯಡಿ ಉಳಿದ ಸತ್ತ ಹಿಮ. ಅದು ಚಲಿಸುವುದಿಲ್ಲ, ಬಿದ್ದಲ್ಲೇ ಕರಗುತ್ತದೆ. ಅದರವರೆಗೆ ಅಳೆದರೆ ಹಿಮನದಿಯನ್ನು ಅಳೆದಂತಲ್ಲ.

ನನಗೆ ಮೊದಲು ಆದದ್ದು ಸಂತೋಷ. ಹೇಳಿದರೆ ಹೊಟ್ಟೆಕಿಚ್ಚಿಗೆ ಹೇಳಿದಳು ಎಂದಾಗುತ್ತದೆ. ಹೇಳದಿದ್ದರೆ ಅಜ್ಜನ ಕಾಲದಿಂದ ಬಂದ ಅಳತೆಯೊಳಗೆ ಒಂದು ಸುಳ್ಳು ಸೇರಿಕೊಳ್ಳುತ್ತದೆ. ಹೊಟ್ಟೆಕಿಚ್ಚಂತೂ ಇತ್ತು.

"ಎಯ್‌ಗ್ಲೋ, ಬಾ ಇಲ್ಲಿ. ಇದು ಸತ್ತ ಹಿಮ."

ಅವಳು ಬಂದು ಹೊಂಡವನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು.

"ಅಕ್ಕಾ, ನಿಜ ಹೇಳಿ. ಟೇಪು ನನ್ನ ಕೈಲಿದೆ ಅನ್ನೋದಕ್ಕೆ ಹೀಗೆ ಹೇಳ್ತಿದೀರಾ?"

"ಅದಕ್ಕೂ ಹೌದು," ಎಂದೆ. "ಆದ್ರೂ ಸತ್ತಿರೋದು ಸತ್ತಿರೋದೇ."

ಅವಳು ಟೇಪಿನ ತುದಿಯನ್ನು ನನ್ನ ಕೈಗಿಟ್ಟಳು. "ಹಾಗಾದ್ರೆ ನೀವೇ ಹೋಗಿ. ಮಾವನಿಗೆ ನಾನು ಹೇಳ್ತೀನಿ. ನೀವು ಹೇಳಿದ್ರೆ ಇಬ್ರೂ ಜಗಳಾಡಿ ಊಟ ಬಿಡ್ತೀರಿ."

ನಾನು ಹೊಂಡವನ್ನು ಸುತ್ತಿಕೊಂಡು, ಕಲ್ಲುಗಳನ್ನು ದಾಟಿ, ಹಿಮನದಿಯ ಅಂಚಿಗೆ ತುದಿಯನ್ನು ಒತ್ತಿದೆ. ಇಷ್ಟು ವರ್ಷ ಕಾದದ್ದು ಅಂಗೈಯಡಿ ತಣ್ಣಗೆ ಸಿಕ್ಕಿತು. ತಿರುಗಿ ನೋಡಿದೆ.

ಅಪ್ಪ ತಲೆ ತಗ್ಗಿಸಿದ್ದ. ಎಯ್‌ಗ್ಲೋ ಅವನ ಪಕ್ಕ ಒತ್ತಿ ಕುಳಿತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ ಏನೋ ಹೇಳಿದಳು. ಅಪ್ಪನ ಭುಜಗಳು ಅಲುಗಿದವು. ಅಳುತ್ತಿದ್ದಾನೆಂದು ಹೆದರಿದೆ. ಅಲ್ಲ, ನಗುತ್ತಿದ್ದ. ಇಂಥ ಸುದ್ದಿ ಕೇಳಿದ ಮೇಲೂ ಅವನನ್ನು ನಗಿಸಲು ಆಗುತ್ತದೆಂದು ನನಗೆ ಗೊತ್ತಿರಲಿಲ್ಲ.

"ಏನಂತೆ?" ಎಂದು ಕೂಗಿದೆ. ಎದುರುಗಾಳಿ, ಅವರಿಗೆ ಕೇಳಿಸಲಿಲ್ಲ. ಅಪ್ಪ ಅಳತೆ ಓದುವವರೆಗೂ ನಾನು ತುದಿಯನ್ನು ಬಿಟ್ಟು ಹೋಗುವಂತಿರಲಿಲ್ಲ.